ದೊಡ್ಡ ಪ್ರೊಫೆಸರ್‌ರನ್ನು ಕಾಣಲು ‘ಪರಿಚಯ’ ಬೇಕೇ? ಪಿಎಚ್‌ಡಿ ಗೈಡ್ ಬಗೆಗಿನ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು

ಮೂಡಿಗೆರೆ ತಾಲ್ಲೂಕಿನ ಬಣಕಲ್‌ನಿಂದ ಓದುಗರೊಬ್ಬರು ನಮಗೆ ಎರಡು ವಾಟ್ಸಾಪ್ ಫಾರ್ವರ್ಡ್‌ಗಳನ್ನು ಕಳಿಸಿ, “ಇದರಲ್ಲಿ ಯಾವುದು ನಿಜ?” ಎಂದು ಕೇಳಿದ್ದಾರೆ. ಅವರು ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದವರು. ತಂದೆ ಕಾಫಿ ತೋಟವೊಂದರಲ್ಲಿ ರೈಟರ್. ತೋಟದ ನಡುವೆ ಹರಿಯುವ ಹಳ್ಳಗಳ ಕಪ್ಪೆಗಳ ಬಗ್ಗೆ ಪಿಎಚ್‌ಡಿ ಮಾಡಬೇಕು ಎನ್ನುವುದು ಅವರ ಆಸೆ.

ಮೊದಲ ಫಾರ್ವರ್ಡ್ ಹೇಳುವುದು: ಹೆಸರಾಂತ ಪ್ರೊಫೆಸರ್‌ರನ್ನು ಮೊದಲೇ ಕಂಡು ಒಪ್ಪಿಸಿಕೊಂಡರೆ ಸೀಟು ಗ್ಯಾರಂಟಿ, ಆದರೆ ಪರಿಚಯ ಇಲ್ಲದವರನ್ನು ಅವರು ಹತ್ತಿರ ಸೇರಿಸುವುದಿಲ್ಲ. ಎರಡನೆಯದು: ಪರೀಕ್ಷೆ ಬೇಡ, ಓಡಾಟ ಬೇಡ, ಗೈಡ್ ನಾವೇ ಕೊಡಿಸುತ್ತೇವೆ, ಮನೆಯಲ್ಲೇ ಕೂತು ಪಿಎಚ್‌ಡಿ ಮಾಡಿ. ಕೊನೆಯಲ್ಲಿ ಒಂದು ಮೊಬೈಲ್ ನಂಬರ್.

ಇವುಗಳ ಜೊತೆ ಅವರದೇ ಒಂದು ಸಾಲು ಇತ್ತು. “ಮನೇಲಿ ಯಾರಾದ್ರೂ ರಾಜಕಾರಣಿ ಹತ್ರ ಪತ್ರ ತಗೊಂಡು ಹೋಗು ಅಂತಿದಾರೆ. ಹಂಗೇ ಹೋದ್ರೆ ಗೇಟಲ್ಲೇ ವಾಪಸ್ ಕಳಿಸ್ತಾರಾ?”

ನೇರ ಉತ್ತರ: ಪತ್ರ ಬೇಡ, ಪರಿಚಯವೂ ಬೇಡ. ಆದರೆ ಹೇಳದೆ ಕೇಳದೆ ಗೇಟಿನ ಮುಂದೆ ಹೋಗಿ ನಿಲ್ಲುವುದೂ ಬೇಡ. ಮೊದಲು ಇಮೇಲ್, ಆಮೇಲೆ ಭೇಟಿ. ಆ ಭೇಟಿಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ.

ಕೊಟ್ಟಿಗೆಹಾರದ ಕಪ್ಪೆ ಮತ್ತು ಬೆಂಗಳೂರಿನ ಪ್ರೊಫೆಸರ್

‘ನಮ್ಮ ಊರಿಗೂ ದೊಡ್ಡ ವಿಜ್ಞಾನಕ್ಕೂ ಏನು ಸಂಬಂಧ’ ಎನ್ನುವವರಿಗೆ ಒಂದು ವಿಷಯ. ಬಣಕಲ್‌ನಿಂದ ಚಾರ್ಮಾಡಿ ಘಾಟಿಯ ಕಡೆ ಹೊರಟರೆ ಸಿಗುವುದು ಕೊಟ್ಟಿಗೆಹಾರ. ಆ ಊರಿನ ಹೆಸರು ಒಂದು ಕಪ್ಪೆಗೆ ಇದೆ: ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಗಂಡು ಕಪ್ಪೆ ಹಳ್ಳದ ಬಂಡೆಯ ಮೇಲೆ ಕೂತು ಹಿಂಗಾಲನ್ನು ಚಾಚಿ ಬೀಸುತ್ತದೆ, ಅದಕ್ಕೇ ಇವಕ್ಕೆ ಕುಣಿಯುವ ಕಪ್ಪೆಗಳು ಎಂದು ಹೆಸರು. 1937ರಲ್ಲಿ ಈ ಕಪ್ಪೆಯನ್ನು ವಿಜ್ಞಾನ ಲೋಕಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರ್ ಆಗಿದ್ದ ಸಿ.ಆರ್. ನಾರಾಯಣ ರಾವ್. ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಇದೇ ಗುಂಪಿಗೆ ಸೇರಿದ 14 ಹೊಸ ಪ್ರಭೇದಗಳನ್ನು ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು ಮತ್ತು ಸಂಗಡಿಗರು ಪ್ರಕಟಿಸಿದ್ದು 2014ರಲ್ಲಿ. ಎಂದರೆ ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಕೆಲಸ ಇನ್ನೂ ಮುಗಿದಿಲ್ಲ.

ನಮ್ಮ ಓದುಗರು ಇದನ್ನು ಗಮನಿಸಬೇಕು. ಮಳೆಗಾಲದಲ್ಲಿ ಯಾವ ಹಳ್ಳಕ್ಕೆ ಯಾವ ದಾರಿಯಲ್ಲಿ ಇಳಿಯಬಹುದು, ಯಾವ ತೋಟದವರು ಒಳಗೆ ಬಿಡುತ್ತಾರೆ, ಔಷಧಿ ಹೊಡೆಯುವುದು ಯಾವಾಗ ಎಂಬುದೆಲ್ಲ ಬೆಂಗಳೂರಿನ ಲ್ಯಾಬಿನಲ್ಲಿ ಕೂತವರಿಗೆ ಸುಲಭವಾಗಿ ಸಿಗುವ ಮಾಹಿತಿ ಅಲ್ಲ. (ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ವಿಜ್ಞಾನಿಯೇ ಮಂದಣ್ಣನ ಹಿಂದೆ ಹೋಗುತ್ತಾನೆ.) ಪ್ರೊಫೆಸರ್ ಎದುರು ಕೂತಾಗ ನಿಮ್ಮ ಕೈಯಲ್ಲಿ ಏನೂ ಇಲ್ಲ ಎಂದುಕೊಳ್ಳಬೇಡಿ.

‘ಅವರು ಒಪ್ಪಿದರೆ ಸೀಟು ಗ್ಯಾರಂಟಿ’: ನಮ್ಮಲ್ಲಿ ಇದು ಸುಳ್ಳು

ಭಾರತದ ಹೆಚ್ಚಿನ ಕಡೆ ಪಿಎಚ್‌ಡಿ ಪ್ರವೇಶ ಕೊಡುವುದು ಒಬ್ಬ ಪ್ರೊಫೆಸರ್ ಅಲ್ಲ, ಸಂಸ್ಥೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಕಡೆ, ಗೇಟ್ ಅಥವಾ ನೆಟ್‌ನಂಥ ಅರ್ಹತೆಯ ಮೇಲೆ ಅರ್ಜಿ ಹಾಕಬೇಕು, ಕರೆದರೆ ಸಂದರ್ಶನಕ್ಕೆ ಹೋಗಬೇಕು. ಸಂದರ್ಶನದಲ್ಲಿ ಕೂರುವುದು ಒಂದು ಸಮಿತಿ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಆಯ್ಕೆಯಾದವರು ಒಂದೆರಡು ಲ್ಯಾಬ್‌ಗಳಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ ನೋಡಿ, ನಂತರ ಗೈಡ್ ಆರಿಸಿಕೊಳ್ಳುವ ಪದ್ಧತಿ ಇದೆ.

ಇನ್ನು ವಿಶ್ವವಿದ್ಯಾಲಯಗಳು. ನಮ್ಮ ಚಿಕ್ಕಮಗಳೂರು ಜಿಲ್ಲೆ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿ. ಯುಜಿಸಿ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಸೂಚನೆಯಂತೆ ನೆಟ್ ಫಲಿತಾಂಶ ಈಗ ಮೂರು ಬಗೆಯಲ್ಲಿ ಬರುತ್ತದೆ. ಜೆಆರ್‌ಎಫ್ ಸಿಕ್ಕವರಿಗೆ ಪಿಎಚ್‌ಡಿ ಪ್ರವೇಶಕ್ಕೆ ಸಂದರ್ಶನ ಮಾತ್ರ. ಉಳಿದ ಎರಡು ಬಗೆಯವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ, ಮತ್ತು ಆ ಅಂಕ ಒಂದು ವರ್ಷ ಮಾತ್ರ ಚಲಾವಣೆಯಲ್ಲಿ ಇರುತ್ತದೆ. ಎಷ್ಟೇ ದೊಡ್ಡ ಪ್ರೊಫೆಸರ್ ತಲೆಯಾಡಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ.

ಫಾರ್ವರ್ಡ್ ಪೂರ್ತಿ ಸುಳ್ಳಲ್ಲ ಎಂದೂ ಹೇಳಬೇಕು. ಜರ್ಮನಿಯ ಹಲವು ವಿಶ್ವವಿದ್ಯಾಲಯಗಳಲ್ಲಿ ಮೊದಲು ಗೈಡ್ ಹುಡುಕಿ ಒಪ್ಪಿಗೆ ಪಡೆದ ಮೇಲೆಯೇ ಅರ್ಜಿ. ಬ್ರಿಟನ್ನಿನಲ್ಲೂ ಮೊದಲೇ ಸಂಪರ್ಕಿಸುವುದು ರೂಢಿ. ಅಮೆರಿಕದಲ್ಲಿ ವಿಭಾಗದಿಂದ ವಿಭಾಗಕ್ಕೆ ಬೇರೆ ಬೇರೆ. ಅಲ್ಲಿಯ ಮಾತನ್ನು ಇಲ್ಲಿಗೆ ತಂದು ಹಚ್ಚಿದ್ದರಿಂದ ಈ ಫಾರ್ವರ್ಡ್ ಹುಟ್ಟಿರಬಹುದು ಎಂಬುದು ನಮ್ಮ ಊಹೆ.

‘ಇಲ್ಲ’ ಎಂದರೆ ಅದು ನಿಮಗೆ ಹೇಳಿದ್ದಲ್ಲದಿರಬಹುದು

ಹೆಸರಾಂತ ಪ್ರೊಫೆಸರ್ ‘ಈ ವರ್ಷ ಆಗುವುದಿಲ್ಲ’ ಎಂದರೆ ಬಹಳ ಮಕ್ಕಳು ಕುಗ್ಗಿಹೋಗುತ್ತಾರೆ. ತನ್ನ ಇಂಗ್ಲಿಷ್ ಸರಿ ಇರಲಿಲ್ಲ, ತನ್ನ ಕಾಲೇಜಿನ ಹೆಸರು ಕೇಳಿ ಬೇಡ ಎಂದರು ಎಂದು ತಾವೇ ಕಾರಣ ಕಟ್ಟಿಕೊಳ್ಳುತ್ತಾರೆ. ಕಾರಣ ಅದೇ ಆಗಿರಬೇಕಿಲ್ಲ. ಯುಜಿಸಿಯ 2022ರ ಪಿಎಚ್‌ಡಿ ನಿಯಮದಲ್ಲಿ ಒಬ್ಬ ಪ್ರೊಫೆಸರ್ ಒಂದು ಹೊತ್ತಿಗೆ ಹೆಚ್ಚೆಂದರೆ 8 ಸಂಶೋಧನಾ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳಬಹುದು. ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸಬರನ್ನು ತೆಗೆದುಕೊಳ್ಳುವಂತೆಯೇ ಇಲ್ಲ. ಪ್ರಸಿದ್ಧರು ಸಾಮಾನ್ಯವಾಗಿ ಹಿರಿಯರು, ಹಿರಿಯರ ಹತ್ತಿರ ಎಂಟೂ ಜಾಗ ತುಂಬಿರುತ್ತವೆ ಅಥವಾ ನಿವೃತ್ತಿ ಹತ್ತಿರ ಬಂದಿರುತ್ತದೆ. ಹಾಗಾಗಿ ಇಮೇಲ್‌ನಲ್ಲೇ ‘ಮುಂದಿನ ವರ್ಷ ನಿಮ್ಮಲ್ಲಿ ಜಾಗ ಖಾಲಿ ಇದೆಯೇ’ ಎಂದು ಕೇಳುವುದು ಮರ್ಯಾದೆಗೇಡಲ್ಲ. ಬಸ್ ಚಾರ್ಜಂತೂ ಉಳಿಯುತ್ತದೆ.

ದೊಡ್ಡ ಹೆಸರು ಬೇರೆ, ಗೈಡ್ ಬೇರೆ: 1933ರ ಒಂದು ಪ್ರಕರಣ

ಇದಕ್ಕೆ ಬೆಂಗಳೂರಿನಲ್ಲೇ ನಡೆದ ಉದಾಹರಣೆ ಇದೆ. 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಬಿಎಸ್ಸಿಯಲ್ಲಿ ಮೊದಲ ಸ್ಥಾನ ಪಡೆದ ಕಮಲಾ ಭಾಗವತ್ (ಮದುವೆಯ ನಂತರ ಕಮಲಾ ಸೊಹೋನಿ) ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ಅಲ್ಲಿ ನಿರ್ದೇಶಕರು ಸರ್ ಸಿ.ವಿ. ರಾಮನ್. ಮೂರು ವರ್ಷ ಹಿಂದಷ್ಟೇ ನೊಬೆಲ್ ಪಡೆದವರು, ಅವರಿಗಿಂತ ದೊಡ್ಡ ಹೆಸರು ದೇಶದ ವಿಜ್ಞಾನದಲ್ಲಿ ಇರಲಿಲ್ಲ. ಅವರು ಅರ್ಜಿ ತಿರಸ್ಕರಿಸಿದರು. ಕಾರಣ ಅಂಕ ಅಲ್ಲ, ಅರ್ಜಿದಾರರು ಹೆಣ್ಣು ಎಂಬುದು.

ಕಮಲಾ ಮನೆಗೆ ವಾಪಸಾಗಲಿಲ್ಲ. ಬೆಂಗಳೂರಿಗೇ ಬಂದು ರಾಮನ್ ಎದುರು ನಿಂತು ತನ್ನನ್ನು ಏಕೆ ಸೇರಿಸಿಕೊಳ್ಳುವುದಿಲ್ಲ ಎಂದು ಕೇಳಿದರು, ಪಟ್ಟು ಹಿಡಿದರು. ಕೊನೆಗೆ ರಾಮನ್ ಷರತ್ತು ಹಾಕಿ ಸೇರಿಸಿಕೊಂಡರು. ಮೊದಲ ವರ್ಷ ಪ್ರೊಬೇಷನ್, ಗೈಡ್ ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ, ಲ್ಯಾಬಿನ ‘ವಾತಾವರಣ’ ಕೆಡಬಾರದು. ಆ ಅವಮಾನವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಒಂದು ವರ್ಷದ ನಂತರ ಅವರ ಕೆಲಸ ನೋಡಿ ರಾಮನ್ ಒಪ್ಪಿದರು, ಆಮೇಲೆ ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು.

ಈ ಕತೆ ಫಾರ್ವರ್ಡ್ ಆಗಿ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದರಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಹೆಸರು ಎಂ. ಶ್ರೀನಿವಾಸಯ್ಯ. ಕಮಲಾಗೆ ನಿಜವಾದ ಗೈಡ್ ಅವರು. ಕಟ್ಟುನಿಟ್ಟಿನ ಮನುಷ್ಯ, ಆದರೆ ಕಲಿಸುವ ಮನಸ್ಸಿದ್ದವರು. ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ಕಮಲಾ ಅಲ್ಲಿ ಕೆಲಸ ಮಾಡಿ 1936ರಲ್ಲಿ ಎಂಎಸ್ಸಿ ಮುಗಿಸಿದರು. ಅಲ್ಲಿಂದ ಕೇಂಬ್ರಿಜ್‌ಗೆ ಹೋದಾಗಲೂ ಮೊದಲು ಕೆಲಸಕ್ಕೆ ಜಾಗ ಕೊಟ್ಟದ್ದು ಡೆರೆಕ್ ರಿಕ್ಟರ್. ಅವರು ಬೇರೆಡೆಗೆ ಹೋದ ಮೇಲೆ ರಾಬಿನ್ ಹಿಲ್ ಜೊತೆ ಸಸ್ಯಗಳಲ್ಲಿನ ಸೈಟೋಕ್ರೋಮ್ ಸಿ ಬಗ್ಗೆ ಕೆಲಸ ಮಾಡಿ 1939ರಲ್ಲಿ ಪಿಎಚ್‌ಡಿ ಪಡೆದರು. ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಅವರು ಒಬ್ಬರು.

ಅದೇ ರಾಮನ್ ಇನ್ನೊಬ್ಬರಿಗೆ ಒಳ್ಳೆಯ ಗೈಡ್ ಆದರು. 1942ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲೆಂದು ಅದೇ ಸಂಸ್ಥೆ ಸೇರಿದ ಜಿ.ಎನ್. ರಾಮಚಂದ್ರನ್ ಭೌತಶಾಸ್ತ್ರಕ್ಕೆ ಬದಲಾಗಿ ರಾಮನ್ ಕೈಕೆಳಗೆ ಸಂಶೋಧನೆ ಮಾಡಿದರು. ಮುಂದೆ ಪ್ರೋಟೀನ್ ರಚನೆ ಓದುವವರೆಲ್ಲ ಬಳಸುವ ‘ರಾಮಚಂದ್ರನ್ ಪ್ಲಾಟ್’ ಕೊಟ್ಟವರು ಇವರೇ. ಒಬ್ಬರಿಗೆ ಬಾಗಿಲು ಹಾಕಿದ ಮನುಷ್ಯ ಇನ್ನೊಬ್ಬರಿಗೆ ತೆರೆದರು. ದೊಡ್ಡ ಹೆಸರು ನೋಡಿ ಆ ವ್ಯಕ್ತಿ ನಿಮಗೆ ಹೇಗಿರುತ್ತಾರೆ ಎಂದು ಹೇಳಲು ಬರುವುದಿಲ್ಲ.

ದೊಡ್ಡ ಲ್ಯಾಬಿನಲ್ಲಿ ಲಾಭ ಇಲ್ಲವೆಂದಲ್ಲ. ಉಪಕರಣ ಇರುತ್ತದೆ, ಅನುದಾನ ಇರುತ್ತದೆ, ಮುಂದೆ ಅವರು ಬರೆದುಕೊಡುವ ಶಿಫಾರಸು ಪತ್ರಕ್ಕೆ ತೂಕ ಇರುತ್ತದೆ. ಆದರೆ ಅವರು ತಿಂಗಳಲ್ಲಿ ಅರ್ಧ ಭಾಗ ದೆಹಲಿಯ ಸಮಿತಿಗಳಲ್ಲಿ ಇದ್ದರೆ ನಿಮ್ಮ ಪ್ರಬಂಧದ ಕರಡು ಓದುವವರು ಯಾರು? ನಮ್ಮ ತಂಡದಲ್ಲೇ ಒಬ್ಬರು ಬಹಳ ಹೆಸರಾದ ಪ್ರೊಫೆಸರ್ ಒಬ್ಬರನ್ನು ಕಾಣಲು ರಾತ್ರಿ ಬಸ್ಸು ಹತ್ತಿ ಹೋಗಿದ್ದರು. ಭೇಟಿ ಹತ್ತು ನಿಮಿಷ ನಡೆಯಿತು, ಅದರಲ್ಲಿ ಎರಡು ಸಲ ಫೋನ್ ಬಂತು. ಹೊರಗೆ ಕಾರಿಡಾರಿನಲ್ಲಿ ಸಿಕ್ಕ ವಿದ್ಯಾರ್ಥಿ ಒಬ್ಬ, “ಸರ್ ಒಳ್ಳೆಯವರೇ, ಆದ್ರೆ ನಾವು ಅವರನ್ನ ನೋಡಿದ್ದು ಕಳೆದ ತಿಂಗಳು” ಎಂದ. ಪ್ರೊಫೆಸರ್ ಕೊಠಡಿಯಲ್ಲಿ ಸಿಕ್ಕಿದ್ದಕ್ಕಿಂತ ಹೆಚ್ಚಿನ ಮಾಹಿತಿ ಆ ಒಂದು ಸಾಲಿನಲ್ಲಿತ್ತು.

ಮೊಬೈಲಿನಲ್ಲೇ ಮಾಡಬಹುದಾದ ಪರಿಶೀಲನೆ

‘ಶೋಧಗಂಗಾ’ ಎಂಬ ಜಾಲತಾಣ ಇದೆ. ದೇಶದ ವಿಶ್ವವಿದ್ಯಾಲಯಗಳು ತಮ್ಮ ಪಿಎಚ್‌ಡಿ ಪ್ರಬಂಧಗಳನ್ನು ಇಲ್ಲಿ ಹಾಕುತ್ತವೆ, ಯಾರು ಬೇಕಾದರೂ ಪುಕ್ಕಟೆ ಓದಬಹುದು. ಇದರಲ್ಲಿ ಗೈಡ್ ಹೆಸರಿನಿಂದಲೇ ಹುಡುಕಬಹುದು. ಆ ಪ್ರೊಫೆಸರ್ ಕೈಕೆಳಗೆ ಎಷ್ಟು ಜನ ಮುಗಿಸಿದ್ದಾರೆ, ಯಾವ ವರ್ಷ, ಯಾವ ವಿಷಯ ಎಂಬುದು ಕಾಣುತ್ತದೆ. ನೋಂದಣಿಯ ದಿನಾಂಕವನ್ನೂ ಹಾಕಿದ್ದರೆ ಎಷ್ಟು ವರ್ಷ ಹಿಡಿಯಿತು ಎಂದು ನೀವೇ ಲೆಕ್ಕ ಹಾಕಬಹುದು. ಯುಜಿಸಿ ನಿಯಮದಲ್ಲಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಮರುನೋಂದಣಿ ಮಾಡಿಸಿ ಇನ್ನೆರಡು ವರ್ಷ. ಹೆಣ್ಣುಮಕ್ಕಳಿಗೆ ಮತ್ತೂ ಎರಡು ವರ್ಷದ ವಿನಾಯಿತಿ ಇದೆ. ಎಲ್ಲರಿಗೂ ಏಳೆಂಟು ವರ್ಷ ಹಿಡಿದಿದ್ದರೆ ಒಮ್ಮೆ ಯೋಚಿಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಬಂಧಗಳಿಗೆ ಅದರದೇ ಪ್ರತ್ಯೇಕ ಭಂಡಾರ ಇದೆ.

ನಂತರ ಗೂಗಲ್ ಸ್ಕಾಲರ್. ಅಲ್ಲಿ ಪ್ರೊಫೆಸರ್‌ರ ಒಟ್ಟು ಲೇಖನಗಳ ಸಂಖ್ಯೆ ನೋಡಿ ಬೆರಗಾಗಬೇಡಿ. ಇತ್ತೀಚಿನ ನಾಲ್ಕೈದು ಲೇಖನ ತೆರೆದು ಲೇಖಕರ ಪಟ್ಟಿಯಲ್ಲಿ ಮೊದಲ ಹೆಸರು ಯಾರದ್ದು ಎಂದು ನೋಡಿ. ಹೆಚ್ಚಿನ ವಿಜ್ಞಾನ ಕ್ಷೇತ್ರಗಳಲ್ಲಿ ಮುಖ್ಯ ಕೆಲಸ ಮಾಡಿದವರ ಹೆಸರು ಮೊದಲು, ಲ್ಯಾಬಿನ ಮುಖ್ಯಸ್ಥರದ್ದು ಕೊನೆಗೆ ಬರುವುದು ರೂಢಿ. ಮೊದಲ ಹೆಸರುಗಳು ವಿದ್ಯಾರ್ಥಿಗಳದ್ದಾಗಿದ್ದರೆ ಒಳ್ಳೆಯ ಸೂಚನೆ. ಆಮೇಲೆ ಆ ವಿದ್ಯಾರ್ಥಿಗಳಲ್ಲಿ ಇಬ್ಬರಿಗೆ, ಈಗಾಗಲೇ ಮುಗಿಸಿ ಹೋದವರಾದರೆ ಮತ್ತೂ ಒಳ್ಳೆಯದು, ವಿನಯದಿಂದ ಬರೆಯಿರಿ. ಅವರಿಗೆ ಹೆದರಿಕೆ ಇಲ್ಲ, ಇದ್ದದ್ದು ಹೇಳುತ್ತಾರೆ.

ಇಮೇಲ್‌ನಲ್ಲಿ ಏನಿರಬೇಕು

ಪ್ರೊಫೆಸರ್‌ಗಳಿಗೆ ದಿನವೂ ಬರುವ ಪತ್ರಗಳಲ್ಲಿ ಬಹಳಷ್ಟು ಒಂದೇ ಅಚ್ಚಿನವು: ‘ರೆಸ್ಪೆಕ್ಟೆಡ್ ಸರ್, ನಿಮ್ಮ ಘನ ಸಂಶೋಧನೆಯಿಂದ ಪ್ರಭಾವಿತನಾಗಿ...’ ಹೆಸರು ಬದಲಾಯಿಸಿ ಐವತ್ತು ಜನರಿಗೆ ಕಳಿಸಿದ್ದು ಎಂದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಈಗ ಎಐಯಿಂದ ಬರೆಸಿದ್ದೂ ಹಾಗೇ ಗೊತ್ತಾಗುತ್ತದೆ.

ನಮ್ಮ ಬಣಕಲ್ ಓದುಗರಿಗೆ ನಾವು ಸೂಚಿಸಿದ್ದು ಆರೇಳು ಸಾಲು. ನಾನು ಇಂಥವಳು, ಇಂಥ ಕಡೆ ಎಂಎಸ್ಸಿ ಮುಗಿಸಿದ್ದೇನೆ. ನಿಮ್ಮ ಇಂಥ ಲೇಖನ ಓದಿದೆ, ಅದರಲ್ಲಿ ಹಳ್ಳದ ಕಪ್ಪೆಗಳ ಎಣಿಕೆ ಕಾಡಿನೊಳಗೆ ಮಾತ್ರ ನಡೆದಿದೆ. ನಮ್ಮೂರಿನಲ್ಲಿ ಹಳ್ಳಗಳು ಕಾಡಿನಿಂದ ಇಳಿದು ಕಾಫಿ ತೋಟದೊಳಗೆ ಹಾದುಹೋಗುತ್ತವೆ, ಅಲ್ಲಿ ಅದೇ ವಿಧಾನ ನಡೆಯುತ್ತದೆಯೇ ಎಂಬುದು ನನ್ನ ಪ್ರಶ್ನೆ. ಎರಡು ಮಳೆಗಾಲ ನಾನೇ ನೋಡಿ ಬರೆದಿಟ್ಟುಕೊಂಡಿದ್ದೇನೆ. ಮುಂದಿನ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಿರಾ? ಹದಿನೈದು ನಿಮಿಷ ಫೋನಿನಲ್ಲೋ ಎದುರಿಗೋ ಮಾತಾಡಲು ಸಾಧ್ಯವೇ? ಇಷ್ಟು ಸಾಕು. ಜೊತೆಗೆ ಎರಡು ಪುಟದ ಬಯೋಡೇಟಾ. ಅಂಕಪಟ್ಟಿ, ಎನ್‌ಎಸ್‌ಎಸ್ ಸರ್ಟಿಫಿಕೇಟು, ಆಧಾರ್ ಏನೂ ಬೇಡ.

ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೂ ಬರದಿದ್ದರೆ ಬಿಡಿ. ವಾಟ್ಸಾಪ್ ನಂಬರ್ ಹುಡುಕಿ ‘ಗುಡ್ ಮಾರ್ನಿಂಗ್ ಸರ್’ ಕಳಿಸಬೇಡಿ.

ಎದುರು ಕೂತಾಗ

ವಿಡಿಯೋ ಕಾಲ್ ಎಂದರೆ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಇರುವ ಗ್ಯಾರಂಟಿ ಇಲ್ಲ. ಅದನ್ನು ಮೊದಲೇ ಹೇಳಿ ಮಾಮೂಲಿ ಫೋನ್ ಕಾಲ್ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಇಂಗ್ಲಿಷ್ ಬಗ್ಗೆ: ತಡವರಿಸಿದರೂ ಪರವಾಗಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಬಾರದು. ಕನ್ನಡ ಬಲ್ಲವರಾದರೆ ಕನ್ನಡದಲ್ಲಿ ಶುರುಮಾಡಲು ಅನುಮತಿ ಕೇಳಬಹುದು. ಪ್ರಬಂಧ ಬರೆಯುವಾಗ ಹೇಗೂ ಇಂಗ್ಲಿಷ್ ಕಲಿಯಲೇಬೇಕಾಗುತ್ತದೆ, ಅದಕ್ಕೆ ಸಮಯ ಇದೆ.

ಕೇಳಬೇಕಾದ್ದನ್ನು ಕೇಳಿಯೇ ಬನ್ನಿ. ವಿದ್ಯಾರ್ಥಿಗಳ ಜೊತೆ ಎಷ್ಟು ದಿನಕ್ಕೊಮ್ಮೆ ಕೂತು ಮಾತಾಡುತ್ತೀರಿ? ನನಗೆ ಫೆಲೋಶಿಪ್ ಸಿಗದಿದ್ದರೆ ನಿಮ್ಮ ಪ್ರಾಜೆಕ್ಟಿನಿಂದ ಸಂಬಳ ಇರುತ್ತದೆಯೇ? ಫೀಲ್ಡಿನ ಖರ್ಚು ಯಾರದು? ದುಡ್ಡಿನ ಮಾತು ಎತ್ತಲು ನಮ್ಮವರಿಗೆ ಸಂಕೋಚ. ಆದರೆ ತೋಟದ ಸಂಬಳದಲ್ಲಿ ನಡೆಯುವ ಮನೆಯಿಂದ ಐದು ವರ್ಷಕ್ಕೆ ಹೊರಡುವವರು ಇದನ್ನು ಕೇಳದೆ ಇರಲಾಗದು. ಜೆಆರ್‌ಎಫ್ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ ಆದಾಗ 42,000. ಅದು ಇಲ್ಲದವರ ಸ್ಥಿತಿ ಬೇರೆಯೇ. ಇನ್ನೊಂದು, ‘ಮದುವೆಯಾದರೆ ಓದು ನಿಂತಂತೆ’ ಎನ್ನುವ ಹೆದರಿಕೆ ಇರುವವರಿಗೆ: ಮದುವೆ ಮುಂತಾದ ಕಾರಣಕ್ಕೆ ಮಹಿಳಾ ವಿದ್ಯಾರ್ಥಿ ಊರು ಬದಲಾಯಿಸಿದರೆ ಸಂಶೋಧನೆಯ ದತ್ತಾಂಶವನ್ನು ಹೊಸ ವಿಶ್ವವಿದ್ಯಾಲಯಕ್ಕೆ ಒಯ್ಯಲು, ಮತ್ತು 240 ದಿನಗಳವರೆಗೆ ಹೆರಿಗೆ ರಜೆ ಪಡೆಯಲು ಯುಜಿಸಿ ನಿಯಮದಲ್ಲೇ ಅವಕಾಶ ಇದೆ.

ನೇರವಾಗಿ ಬರೆಯಲು ಇನ್ನೂ ಧೈರ್ಯ ಬಾರದವರಿಗೆ ಎರಡು ಸುಲಭ ದಾರಿಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ‘ಓಪನ್ ಡೇ’ ನಡೆಸುತ್ತದೆ, ಅಂದು ಲ್ಯಾಬ್‌ಗಳಿಗೆ ಯಾರು ಬೇಕಾದರೂ ಹೋಗಿ ವಿದ್ಯಾರ್ಥಿಗಳನ್ನೂ ಪ್ರೊಫೆಸರ್‌ಗಳನ್ನೂ ಮಾತಾಡಿಸಬಹುದು. ಇನ್ನೂ ಓದುತ್ತಿರುವವರಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಬೇರೆ ಎರಡು ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಲ್ಯಾಬಿನಲ್ಲಿ ಕೆಲಸ ಮಾಡಿದರೆ ಹತ್ತು ಭೇಟಿಗಳಲ್ಲಿ ತಿಳಿಯದ್ದು ತಿಳಿಯುತ್ತದೆ. ಕಾಫಿ ವಿಷಯದವರಿಗಂತೂ 1925ರಲ್ಲಿ ಶುರುವಾದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಬಾಳೆಹೊನ್ನೂರಿನ ಹತ್ತಿರವೇ ಇದೆ, ತೋಟಗಾರಿಕೆ ಕಾಲೇಜು ಮೂಡಿಗೆರೆಯಲ್ಲೇ ಇದೆ. ಅಲ್ಲಿಯ ವಿಜ್ಞಾನಿಗಳನ್ನು ಕಂಡು ಮಾತಾಡುವುದು ದೊಡ್ಡ ಭೇಟಿಗೆ ಒಳ್ಳೆಯ ಅಭ್ಯಾಸ.

ಎರಡನೇ ಫಾರ್ವರ್ಡ್: ಅಳಿಸಿಬಿಡಿ

‘ಗೈಡ್ ಕೊಡಿಸುತ್ತೇವೆ’ ಎಂಬ ನಂಬರಿಗೆ ಫೋನ್ ಮಾಡಬೇಡಿ. ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಪಿಎಚ್‌ಡಿ ಕೊಡುವಂತಿಲ್ಲ ಎಂದು 2022ರ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ, ಎಡ್‌ಟೆಕ್ ಕಂಪನಿಗಳು ವಿದೇಶಿ ವಿಶ್ವವಿದ್ಯಾಲಯಗಳ ಹೆಸರಿನಲ್ಲಿ ಮಾರುವ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ ಎಚ್ಚರಿಸಿತು. 2025ರ ಜನವರಿಯಲ್ಲಿ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳು ಪಿಎಚ್‌ಡಿ ನಿಯಮ ಪಾಲಿಸದ ಕಾರಣ ಐದು ವರ್ಷ ಹೊಸ ಪಿಎಚ್‌ಡಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳದಂತೆ ತಡೆಯಿತು. ದುಡ್ಡು ಕೊಟ್ಟವರಿಗೆ ದುಡ್ಡೂ ಹೋಯಿತು, ವರ್ಷವೂ ಹೋಯಿತು ಎಂಬ ಸ್ಥಿತಿ ಬರುವುದು ಹೀಗೆ. ಪಾರ್ಟ್‌ಟೈಮ್ ಪಿಎಚ್‌ಡಿಗೆ ಅವಕಾಶ ಇದೆ, ಆದರೆ ಅದಕ್ಕೂ ಇದೇ ಪ್ರವೇಶ ನಿಯಮ.

ಕೊನೆಗೆ ಬಣಕಲ್‌ನಿಂದ ಬಂದ ಇನ್ನೊಂದು ಪ್ರಶ್ನೆ. “ಅಮ್ಮ ಮನೆ ಕಾಫಿಪುಡಿ, ಕಾಳುಮೆಣಸು, ಒಂದು ಬಾಟ್ಲಿ ಜೇನುತುಪ್ಪ ಕಟ್ಟಿಡ್ತೀನಿ ಅಂತಿದಾರೆ. ತಗೊಂಡು ಹೋಗಲಾ?” ಅಮ್ಮನ ಮನಸ್ಸು ನಮಗೆ ಅರ್ಥವಾಗುತ್ತದೆ, ಮಲೆನಾಡಿನಲ್ಲಿ ಬರಿಗೈಯಲ್ಲಿ ಯಾರ ಮನೆಗೂ ಹೋಗುವುದಿಲ್ಲ. ಆದರೆ ಪ್ರವೇಶಕ್ಕೆ ಮುಂಚೆ ಬೇಡ. ನಾಳೆ ಸಂದರ್ಶನದ ಸಮಿತಿಯಲ್ಲಿ ಅದೇ ಪ್ರೊಫೆಸರ್ ಕೂತಿರಬಹುದು, ಅವರಿಗೂ ಮುಜುಗರ, ನಿಮಗೂ ಮುಜುಗರ. ಚೀಲದಲ್ಲಿ ಎರಡು ಮಳೆಗಾಲದ ಆ ನೋಟ್‌ಬುಕ್ ಇರಲಿ, ಮಳೆಗೆ ಒದ್ದೆಯಾಗಿ ಹಾಳೆ ಅಂಟಿಕೊಂಡಿದ್ದರೂ ಅದನ್ನೇ ತೋರಿಸಿ. ಕಾಫಿಪುಡಿ ಸೀಟು ಸಿಕ್ಕ ಮೇಲೆ ಹಾಸ್ಟೆಲಿಗೆ ಬೇಕಾಗುತ್ತದೆ.